ದೊಡ್ಡಮನೆ ಇಲ್ಲದ ಗೇಟು

ಫೆಬ್ರವರಿಯ ಮೊದಲ ಮಂಗಳವಾರ ಬಂತೆಂದರೆ ನನಗೆ ಹಾಸಿಗೆಯಿಂದ ಏಳುವಾಗಲೇ ಸಿಟ್ಟು ನೆತ್ತಿಗೇರಿರುತ್ತಿತ್ತು. ಅವತ್ತು ಹೆಸ್ಟರ್ ಪಾಂಟಿಂಗ್ ಗೇಟು ಮುಚ್ಚುವ ದಿನ.

ನಾನು ಟೆಲ್ಬರಿಯ ಅಂಚೆಯವಳು, ಜಾಯ್ಸ್. ಮೇಲಿನ ಟೆಲ್ಬರಿಗೂ ಕೆಳಗಿನ ಟೆಲ್ಬರಿಗೂ ನಡುವೆ ದೊಡ್ಡಮನೆಯ ಜಮೀನಿದೆ. ಗೇಟು ದಾಟಿ ಸಾಲುಮರದ ಹಾದಿಯಲ್ಲಿ ಸೈಕಲ್ ತುಳಿದರೆ ಒಂದು ಹಾಡು ಗುನುಗಿ ಮುಗಿಸುವುದರೊಳಗೆ ಆಚೆ ಊರು. ಗೇಟು ಮುಚ್ಚಿದ್ದರೆ ಹೆದ್ದಾರಿ ಸುತ್ತಬೇಕು. ಅಲ್ಲಿ ನಡೆಯುವವರಿಗೆಂದು ಜಾಗವೇ ಇಲ್ಲ. ಲಾರಿಗಳು ತೋಳು ಸವರಿಕೊಂಡೇ ಹೋಗುತ್ತವೆ, ಮೈಯೆಲ್ಲ ಕೆಸರು. ವರ್ಷದ ಮಿಕ್ಕ ದಿನವೆಲ್ಲ ಆ ಹಾದಿ ನಮ್ಮದೇ ಇದ್ದ ಹಾಗೆ. ಮಕ್ಕಳು ಶಾಲೆಗೆ, ಹೆಂಗಸರು ಡಾಕ್ಟರ ಬಳಿಗೆ, ಗಂಡಸರು ಬಸ್ಸಿಗೆ, ಎಲ್ಲರೂ ಅಲ್ಲಿಂದಲೇ. ಆ ಒಂದು ಮಂಗಳವಾರ ಮಾತ್ರ ಹೆಸ್ಟರ್ ಬೆಳಕು ಹರಿಯುವ ಮೊದಲೇ ಕೋಟು ಹಾಕಿಕೊಂಡು ಬಂದು, ಎರಡೂ ಕದ ಎಳೆದು, ಸರಪಳಿ ಸುತ್ತಿ, ಬೀಗ ಜಡಿದು, ಸಂಜೆಯವರೆಗೆ ಕಿಟಕಿಯಲ್ಲಿ ಕೂತು ಕಾಯುತ್ತಿದ್ದಳು.

ನಗು ಬರುವ ಸಂಗತಿಯೆಂದರೆ ಆ ಗೇಟಿನ ಪಕ್ಕದಲ್ಲಿ ಬೇಲಿಯೇ ಇರಲಿಲ್ಲ. ಯುದ್ಧದ ಕಾಲದಲ್ಲಿ ಕಬ್ಬಿಣ ಬೇಕೆಂದು ಸರ್ಕಾರದವರು ಎರಡೂ ಕಡೆಯ ಕಂಬಿಬೇಲಿಯನ್ನು ಕಿತ್ತುಕೊಂಡು ಹೋಗಿದ್ದರು. ಕಬ್ಬಿಣ ಕೂಡಿಸುವ ಸಮಿತಿಗೆ ದೊಡ್ಡಮನೆಯ ಕರ್ನಲ್ಲರೇ ಅಧ್ಯಕ್ಷರಾದ್ದರಿಂದ ಗೇಟು ಮಾತ್ರ ಉಳಿಯಿತು. ಎರಡು ಕಲ್ಲಿನ ಕಂಬ, ಕಂಬದ ಮೇಲೆ ಒಂದೊಂದು ಕಲ್ಲಿನ ಬೇಟೆನಾಯಿ, ಅದರಲ್ಲೊಂದಕ್ಕೆ ತಲೆಯಿಲ್ಲ, ನಡುವೆ ಗೇಟು. ಕಂಬದ ಪಕ್ಕದಲ್ಲಿ ಹಸು ನುಗ್ಗುವಷ್ಟು ಜಾಗ. ಎರಡು ಹೆಜ್ಜೆ ಸರಿದರೆ ಒಳಗೆ. ಆದರೂ ಟೆಲ್ಬರಿಯ ಒಂದು ನರಪಿಳ್ಳೆಯೂ ಆ ದಿನ ಹಾಗೆ ಸರಿದದ್ದಿಲ್ಲ. ಮುಚ್ಚಿದ ಗೇಟಿನ ಮುಂದೆ ನಿಂತು, ಬೀಗ ನೋಡಿ, "ಅಯ್ಯೋ, ಇವತ್ತು ಹೆಸ್ಟರ್ ಮಂಗಳವಾರ ಅಲ್ವಾ" ಎಂದು ಹಣೆ ಚಚ್ಚಿಕೊಂಡು ಹೆದ್ದಾರಿಯ ಕಡೆ ಹೊರಳುತ್ತಿದ್ದರು. ನಾನೂ ಅಷ್ಟೇ. ಬೈದುಕೊಳ್ಳುತ್ತ ಸುತ್ತುತ್ತಿದ್ದೆ. ನಮ್ಮ ಜನವೇ ಹೀಗೆ. ಗೋಡೆ ಬಿದ್ದುಹೋಗಿದ್ದರೂ ಬಾಗಿಲು ತಟ್ಟಿಯೇ ಒಳಗೆ ಬರುತ್ತಾರೆ.

ಒಮ್ಮೆ ತಡೆಯಲಾರದೆ ಕೇಳಿದ್ದೆ.

"ಯಾಕೆ ಮುಚ್ತೀಯ ಮಾರಾಯ್ತಿ? ಯಾರ್ ಹೊಲಕ್ಕೆ ಯಾರು ನುಗ್ತಾರೆ ಅಂತ?"

"ವರ್ಷಕ್ಕೊಂದು ದಿನ ಮುಚ್ಚದೇ ಇದ್ರೆ ಹಾದಿ ಜನರದ್ದಾಗಿಬಿಡತ್ತೆ ಕಣೇ," ಎಂದಳು ಹೆಸ್ಟರ್, ಚಿಕ್ಕ ಮಕ್ಕಳಿಗೆ ಹೇಳುವಂತೆ. "ಇಪ್ಪತ್ತು ವರ್ಷ ತಡೆಯಿಲ್ದೆ ಓಡಾಡಿದ್ರೆ ಕಾನೂನು ಅವರ ಕಡೆ. ಕರ್ನಲ್ ಸಾಹೇಬ್ರು ಅಪ್ಪನ್ನ ಕರೆದು ಹೇಳಿದ್ರು. 'ಪಾಂಟಿಂಗ್, ಜನ ಓಡಾಡ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಅದು ನಾನು ಕೊಟ್ಟಿರೋದು, ಅವರ ಹಕ್ಕಲ್ಲ. ವರ್ಷಕ್ಕೊಂದ್ಸಲ ಅದನ್ನ ಅವರಿಗೆ ನೆನಪು ಮಾಡು' ಅಂತ. ಚಳೀಲಿ ಓಡಾಡೋರು ಕಡಿಮೆ, ಯಾರಿಗೂ ಹೆಚ್ಚು ತೊಂದ್ರೆ ಆಗ್ಬಾರ್ದು ಅಂತ ಫೆಬ್ರವರಿ ಮಂಗಳವಾರ ಆರಿಸಿದ್ದೂ ಅವರೇ. ಒಳ್ಳೇವ್ರು."

"ಈಗೆಲ್ಲಿದ್ದಾರೆ ನಿನ್ನ ಒಳ್ಳೇವ್ರು?"

"ಕೀನ್ಯಾದಲ್ಲಿ ಮಣ್ಣಾದ್ರು."

"ಮತ್ತೆ?"

"ಮತ್ತೇನು? ಟೀ ಕುಡೀತೀಯೋ, ಹಿಂಗೇ ನಿಂತಿರ್ತೀಯೋ?"

ಅವಳ ಹತ್ತಿರ ಮಾತು ಯಾವಾಗಲೂ ಟೀಯಲ್ಲಿ ಮುಗಿಯುತ್ತಿತ್ತು.

ಹೆಸ್ಟರ್ ಹುಟ್ಟಿದ್ದೇ ಆ ಗೇಟಿನ ಮನೆಯಲ್ಲಿ. ಚೂಪಾದ ಮಾಡು, ಉದ್ದನೆಯ ಹೊಗೆಗೂಡು, ಬಣ್ಣದ ಗಾಜಿನ ಕಿಟಕಿ. ಕಾರಿನಲ್ಲಿ ಹೋಗುವವರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ರಸ್ತೆಯಿಂದ ನೋಡುವವರಿಗಾಗಿ ಕಟ್ಟಿದ ಮನೆ, ಒಳಗೆ ಬಾಳುವವರಿಗಾಗಿ ಅಲ್ಲ. ಗೋಡೆಗಳು ಎಲ್ಲೂ ನೆಟ್ಟಗಿಲ್ಲದ ಕಾರಣ ಒಂದು ಮಂಚ ಸರಿಯಾಗಿ ಹಿಡಿಸುವುದಿಲ್ಲ. ಗೇಟು ಕಾಯುವ ಕೆಲಸದಲ್ಲಿದ್ದ ಅವಳ ಅಪ್ಪ ದೊಡ್ಡಮನೆಯ ಕಾರಿನ ಹಾರನ್ ಕೇಳಿದೊಡನೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಅವನ ಕೀಲುಗಳು ಹಿಡಿದುಕೊಂಡ ಮೇಲೆ ಓಡುವ ಸರದಿ ಹೆಸ್ಟರಳದಾಯಿತು. ಆಗಿನ್ನೂ ಅವಳು ಎರಡು ಜಡೆ ಹಾಕುವ ಹುಡುಗಿ. ಗೇಟು ತೆಗೆಯಬೇಕು, ಪಕ್ಕಕ್ಕೆ ನಿಲ್ಲಬೇಕು, ಮೊಣಕಾಲು ಒಂದಿಷ್ಟು ಬಗ್ಗಿಸಿ ವಂದಿಸಬೇಕು, ಕಾರು ತಿರುವು ದಾಟಿದ ಮೇಲೆ ಬೀಗ ಹಾಕದೆ ಮುಚ್ಚಬೇಕು. ಮಳೆಯಲ್ಲೂ ಅಷ್ಟೇ, ಜ್ವರದಲ್ಲೂ ಅಷ್ಟೇ. ಒಳಗಿದ್ದವರು ಕೆಲವೊಮ್ಮೆ ಕೈ ಎತ್ತುತ್ತಿದ್ದರು, ಕೆಲವೊಮ್ಮೆ ಇಲ್ಲ. ಎತ್ತಿದ ದಿನ ಅವಳಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತಂತೆ. ಇದನ್ನು ಅವಳು ನಾಚಿಕೆಯಿಲ್ಲದೆ ಹೇಳುತ್ತಿದ್ದಳು. ನನಗೆ ಕೇಳಿದರೆ ಮೈ ಉರಿಯುತ್ತಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ದೊಡ್ಡಮನೆ ಹಣ್ಣಾಗಿತ್ತು. ಸೈನ್ಯದವರು ಅಲ್ಲಿ ಬಿಡಾರ ಮಾಡಿ ಮೆಟ್ಟಿಲಿನ ಕಟಕಟೆಯನ್ನೆಲ್ಲ ಬೆಂಕಿಗೆ ಹಾಕಿದ್ದರು. ಮಾಡು ಸೋರುತ್ತಿತ್ತು. ಕರ್ನಲ್ಲರ ಒಬ್ಬನೇ ಮಗ ಇಟಲಿಯಲ್ಲಿ ಸತ್ತಿದ್ದ. ಕೊನೆಗೆ ಕರ್ನಲ್ ಏವರೆಲ್ ಮನೆ, ಜಮೀನು ಎಲ್ಲವನ್ನೂ ಒಬ್ಬ ಮರದ ವ್ಯಾಪಾರಿಗೆ ಮಾರಿ ಕೀನ್ಯಾಕ್ಕೆ ಹೊರಟರು. ಹೋಗುವಾಗ ಗೇಟಿನ ಬಳಿ ಕಾರು ನಿಲ್ಲಿಸಿ, ಗಾಜು ಇಳಿಸಿ, "ನೋಡ್ಕೋ ಹೆಸ್ಟರ್" ಎಂದರಂತೆ. ಅಷ್ಟೇ ಮಾತು. ಏನು ನೋಡಿಕೊಳ್ಳಬೇಕು, ಎಲ್ಲಿಯವರೆಗೆ, ಯಾರ ಪರವಾಗಿ, ಒಂದೂ ಇಲ್ಲ.

ಮರದ ವ್ಯಾಪಾರಿಗೆ ಮನೆ ಬೇಕಿರಲಿಲ್ಲ. ಕೆಡವಲು ಕೊಟ್ಟ. ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಹರಾಜು ಕೂಗಿದರು. ಊರಿನವರೆಲ್ಲ ಹೋದೆವು. ಯಾಕೆ ಸುಳ್ಳು ಹೇಳಲಿ, ಮದುವೆಮನೆಗೆ ಹೋದ ಹಾಗೆ ಹೋದೆವು. ಓದುಕೋಣೆಯ ಜೋಡಿಬಾಗಿಲು ಈಗ ಲೆನ್ ಗಾಡ್‌ವಿನ್ನನ ಪಬ್ಬಿನಲ್ಲಿದೆ. ಕರ್ನಲ್ಲರ ಸ್ನಾನದ ಮನೆಯ ಅಮೃತಶಿಲೆ ಅದೇ ಪಬ್ಬಿನ ಗಂಡಸರ ಮೂತ್ರಿಯಲ್ಲಿದೆ. ನಮ್ಮ ಪಕ್ಕದ ಮನೆಯ ಕೋಳಿಗಳು ದೊಡ್ಡಮನೆಯ ನೃತ್ಯದ ಹಜಾರಕ್ಕೆ ಹಾಸಿದ್ದ ಹಲಗೆಗಳ ಮೇಲೆ ಹಿಕ್ಕೆ ಹಾಕುತ್ತವೆ. ನನ್ನ ಅಡುಗೆಮನೆಯ ಕಿಟಕಿಯ ಚೌಕಟ್ಟು ಅಲ್ಲಿಯದೇ. ಗೋಡೆಗೆ ದೊಡ್ಡದಾಯಿತೆಂದು ನಮ್ಮವರು ಮೇಲುಗಡೆ ಕೊಯ್ದು ಕೂರಿಸಿದರು.

ಅದೆಲ್ಲ ಹೊರಗೆ ಹೋದದ್ದು ಹೆಸ್ಟರಳ ಗೇಟಿನಿಂದಲೇ. ಬಾಗಿಲು ಹೊತ್ತ ಲಾರಿ ಬಂತು, ತೆಗೆದಳು. ಸೀಸದ ತಗಡು ಹೊತ್ತ ಲಾರಿ ಬಂತು, ತೆಗೆದಳು. ಕಲ್ಲು ಬಂತು, ಇಟ್ಟಿಗೆ ಬಂತು, ಅಡುಗೆಮನೆಯ ಒಲೆ ಬಂತು. ಪ್ರತಿಯೊಂದಕ್ಕೂ ಕದ ತೆಗೆದು ಪಕ್ಕಕ್ಕೆ ನಿಂತು, ಹೋದ ಮೇಲೆ ಮುಚ್ಚಿದಳು. ಲಾರಿಯವರು, "ಅಮ್ಮಾ ತಾಯಿ, ತೆಗೆದೇ ಇಡು, ಮತ್ತೆ ಬರ್ತೀವಲ್ಲ" ಎಂದು ಗೋಗರೆದರೂ ಕೇಳಲಿಲ್ಲ. ಒಂದು ದಿನ ಲಾರಿಗಳು ಬರುವುದೇ ನಿಂತಿತು. ಉಳಿದದ್ದು ಮುಂಬಾಗಿಲಿನ ಮೆಟ್ಟಿಲುಗಳು ಮಾತ್ರ. ಅವು ಹೊಲದ ನಡುವೆ ಏರಿ, ಏನೂ ಇಲ್ಲದ ಕಡೆ ನಿಲ್ಲುತ್ತವೆ. ಬೇಸಿಗೆಯಲ್ಲಿ ಹಸುಗಳು ಮೇಲಿನ ಮೆಟ್ಟಿಲಿನ ಮೇಲೆ ನಿಂತು ಮೆಲುಕು ಹಾಕುತ್ತವೆ. ನೆಲಮಾಳಿಗೆಯ ಗುಂಡಿಯಲ್ಲಿ ತುರಿಕೆಗಿಡ. ಕುದುರೆಲಾಯದ ಗೋಪುರದಲ್ಲಿ ಮುಳ್ಳಿಲ್ಲದ ಗಡಿಯಾರ. ಹಣ್ಣಿನ ತೋಟದ ಸುತ್ತುಗೋಡೆ, ಅದರೊಳಗೆ ಹಣ್ಣಿಲ್ಲ. ಮತ್ತೆ ಬೆಲೆ ಬಾರದ ಮರವೆಂದು ವ್ಯಾಪಾರಿ ಕಡಿಯದೆ ಬಿಟ್ಟ, ಹಾದಿಯ ಎರಡೂ ಬದಿಯ ಲಿಂಡನ್ ಮರಗಳ ಸಾಲು.

ಆ ಹಣ್ಣಿನ ತೋಟದಲ್ಲಿ ರೆಜ್ ಟಕ್‌ವೆಲ್ ಎಂಬವನು ಮಾಲಿಯಾಗಿದ್ದ. ಹೆಸ್ಟರಳನ್ನು ಬಹಳ ವರ್ಷದಿಂದ ನೋಡುತ್ತಿದ್ದವನು. ಪೀಚ್ ಹಣ್ಣನ್ನು ಟೋಪಿಯಲ್ಲಿ ಮುಚ್ಚಿಕೊಂಡು ತಂದು ಅವಳ ಕಿಟಕಿಯಲ್ಲಿಟ್ಟು ಹೋಗುತ್ತಿದ್ದ. ಮನೆ ಹೋದ ಮೇಲೆ ಅವನಿಗೆ ಸಮುದ್ರ ತೀರದ ಪಟ್ಟಣವೊಂದರ ಉದ್ಯಾನದಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಇರಲು ಮನೆ. ಬಂದು ಮದುವೆಯ ಮಾತು ಕೇಳಿದ. ಆ ಮಾತುಕತೆಯನ್ನು ಹೆಸ್ಟರಳೇ ನನಗೆ ಹೇಳಿದ್ದು, ಬಟ್ಟೆ ಹಿಂಡುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ.

"ಇನ್ನೇನು ಕಾಯೋದಿದೆ ನಿಂಗೆ ಇಲ್ಲಿ? ಬಾ ಹೋಗೋಣ ಅಂದ."

"ನೀನೇನಂದೆ?"

"ಫೆಬ್ರವರೀಲಿ ಯಾರು ಮುಚ್ತಾರೆ ಅಂದೆ."

"ಅವನು?"

"ನಕ್ಕ. ತಮಾಷೆ ಅಂದ್ಕೊಂಡ. ಆಮೇಲೆ ನನ್ನ ಮುಖ ನೋಡಿ ಟೋಪಿ ಹಾಕ್ಕೊಂಡು ಹೋದ."

ಅವಳ ಕೈ ನಿಲ್ಲಲಿಲ್ಲ, ಹಿಂಡುತ್ತಲೇ ಇತ್ತು. ಅಂಥ ಮೂರ್ಖತನಕ್ಕೆ ಏನು ಹೇಳುವುದು? ಮುಂದೆ ಮರದ ವ್ಯಾಪಾರಿ ಜಮೀನನ್ನು ಒಬ್ಬ ರೈತನಿಗೆ ಮಾರಿದ. ಹೆಸ್ಟರಳನ್ನು ಇರು ಎಂದೂ ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಹಿಡಿದು ಅವಳು ಹೊಟ್ಟೆ ಹೊರೆದುಕೊಂಡಳು. ಗೇಟಿಗೆ ಎಣ್ಣೆ ಹಾಕಿದಳು, ಎಲೆ ಗುಡಿಸಿದಳು. ಫೆಬ್ರವರಿ ಬಂದಾಗ ಮುಚ್ಚಿದಳು.

ಆಮೇಲೆ ಜಲ್ಲಿ ಕಂಪನಿ ಬಂತು. ರೈತನ ಮಕ್ಕಳು ಜಮೀನನ್ನು ಆ ಕಂಪನಿಗೆ ಮಾರಿದ್ದರು. ನಮ್ಮ ಕಡೆಯ ನೆಲದಡಿ ಜಲ್ಲಿ ಬೇಕಾದಷ್ಟಿದೆ. ಸಾಲುಮರ ಕಡಿದು, ಹೊಲ ಅಗೆದು, ಹಾದಿಯನ್ನು ಪೂರಾ ಮುಚ್ಚುತ್ತಾರೆ ಎಂಬ ಸುದ್ದಿ ಒಂದು ವಸಂತದಲ್ಲಿ ಊರಿಗೆ ಬಂತು. ಅಂದರೆ ಮಕ್ಕಳು ಶಾಲೆಗೆ ಹೋಗುವುದೂ ಹೆದ್ದಾರಿಯ ಮೇಲೆ, ಅದೂ ಅದೇ ಕಂಪನಿಯ ಲಾರಿಗಳ ನಡುವೆ. ಲೆನ್ ಗಾಡ್‌ವಿನ್ ಪಬ್ಬಿನಲ್ಲಿ ಸಭೆ ಕರೆದ. ಲೆನ್ ಎಂದರೆ ಹೆಸ್ಟರಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಯಾರನ್ನೋ ವಿಚಾರಿಸಿಕೊಂಡು ಬಂದು ಕಾನೂನು ಹೇಳಿದ. ಇಪ್ಪತ್ತು ವರ್ಷ ತಡೆಯಿಲ್ಲದೆ ಓಡಾಡಿದ್ದೇವೆ ಎಂದು ತೋರಿಸಿದರೆ ಹಾದಿ ನಮ್ಮದು, ಕಂಪನಿ ಕೂದಲು ಕೊಂಕಿಸುವಂತಿಲ್ಲ. ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಿಂದ ಯಾರೋ, "ಹೆಸ್ಟರ್ ಮಂಗಳವಾರ?" ಎಂದರು. ಚಪ್ಪಾಳೆ ನಿಂತುಹೋಯಿತು.

ಮರುದಿನವೇ ಲೆನ್ ಅವಳ ಮನೆಗೆ ಬಂದ. ನಾನು ಅಲ್ಲೇ ಇದ್ದೆ.

"ಹೆಸ್ಟರ್, ಒಂದು ಮಾತು. ನೀನು ಯಾವತ್ತೂ ಮುಚ್ಲಿಲ್ಲ. ಸರೀನಾ? ಸರ್ಕಾರದವರ ವಿಚಾರಣೇಲಿ ಊರೋರೆಲ್ಲ ಹಂಗೇ ಹೇಳ್ತೀವಿ. ನೀನೂ ಹೇಳಿದ್ರೆ ಮುಗೀತು."

"ಬೈಬಲ್ ಮುಟ್ಟಿಸ್ತಾರಂತಲ್ಲ ಅಲ್ಲಿ?"

"ಮುಟ್ಟಿಸ್ತಾರೆ. ಅದಕ್ಕೇನೀಗ? ನೀನು ಚರ್ಚಿಗೆ ಹೋಗಿ ಎಷ್ಟು ವರ್ಷ ಆಯ್ತು?"

"ಚರ್ಚಿಗೆ ಹೋಗಲ್ಲ ಅಂದ್ರೆ ಸುಳ್ಳು ಹೇಳ್ಬಹುದು ಅಂತಾನಾ? ನಾನು ಮುಚ್ಚಿದೀನಿ ಲೆನ್. ಒಂದು ವರ್ಷಾನೂ ತಪ್ಪಿಸಿಲ್ಲ. ನೀನೇ ಬೀಗ ನೋಡಿ ಬಾಯಿಗೆ ಬಂದಂಗೆ ಬೈದು ಹಿಂದೆ ಹೋಗಿದೀಯ."

"ಅಯ್ಯೋ ನಿನ್ನ ತಲೆ! ಪಕ್ಕದಲ್ಲಿ ನುಗ್ಗಿ ಹೋಗೋಕಾಗ್ತಿರ್ಲಿಲ್ವಾ ನಂಗೆ? ಮರ್ಯಾದೆಗೆ ಹಿಂದೆ ಹೋದೆ. ಆ ಮರ್ಯಾದೆ ಈಗ ನಮ್ಮ ಕುತ್ತಿಗೆಗೆ ಬಂತು ನೋಡು."

"ಮರ್ಯಾದೆ ತಪ್ಪಲ್ಲ. ಗೇಟು ಇರೋದೇ ಅದಕ್ಕೆ."

ಲೆನ್ ನನ್ನ ಮುಖ ನೋಡಿದ. ನಾನು ಕಪ್ಪಿನೊಳಗೆ ನೋಡಿದೆ. ಅವನು ಬಾಗಿಲು ದಡ್ಡೆಂದು ಹಾಕಿಕೊಂಡು ಹೋದ. ಅಂದಿನಿಂದ ಊರು ಅವಳ ಜೊತೆ ಮಾತು ಬಿಟ್ಟಿತು. ಶಾಲೆಯ ಬಳಿ ತಾಯಂದಿರು ಅವಳನ್ನು ಕಂಡು ಮುಖ ತಿರುಗಿಸಿದರು. ಬ್ರೆಡ್ಡಿನ ಅಂಗಡಿಯಲ್ಲಿ ಅವಳು ಒಳಗೆ ಬಂದರೆ ಗುಸುಗುಸು ನಿಲ್ಲುತ್ತಿತ್ತು. ಸತ್ತ ಕರ್ನಲ್ಲನ ನಾಯಿ ಎಂದು ಯಾರೋ ಅವಳಿಗೆ ಕೇಳುವ ಹಾಗೆಯೇ ಅಂದರು. ಅವಳಿಗೆ ಆಗಲೇ ಅರವತ್ತೇಳು, ಮೊಣಕಾಲು ಊದಿಕೊಂಡು ಗೇಟಿನ ಕದ ಎಳೆಯಲು ಭುಜ ಕೊಟ್ಟು ನೂಕಬೇಕಾಗಿತ್ತು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ಕೆನ್ನುತ್ತಿತ್ತು. ಎರಡನ್ನೂ ಹೊತ್ತುಕೊಂಡು ದಿನಾ ಟೀ ಕುಡಿಯುತ್ತಿದ್ದೆ.

ಅದೇ ಸಮಯಕ್ಕೆ ಕಂಪನಿಯ ವಕೀಲ ಬಂದ. ಫೆನ್ನರ್ ಎಂದು ಹೆಸರು. ಚಿಕ್ಕ ವಯಸ್ಸು, ಮೆದು ಮಾತು, ಒಳಗೆ ಬರುವ ಮುನ್ನ ಬೂಟು ಒರೆಸಿಕೊಂಡ. ಅವಳ ಕುರ್ಚಿಯ ಎದುರು ಮೊಣಕಾಲಿನ ಮೇಲೆ ಟೋಪಿ ಇಟ್ಟುಕೊಂಡು ಕೂತು, "ಮಿಸ್ ಪಾಂಟಿಂಗ್, ನಿಮ್ಮಂಥವರು ಈಗ ಸಿಗಲ್ಲ" ಎಂದ.

ಹೆಸ್ಟರಳ ಕೆನ್ನೆ ಕೆಂಪಾಯಿತು. ಅಷ್ಟು ವರ್ಷದಲ್ಲಿ ಅವಳ ಗೇಟಿನ ಬಗ್ಗೆ ಒಳ್ಳೆಯ ಮಾತಾಡಿದ ಮೊದಲ ಮನುಷ್ಯ ಅವನೇ.

"ನೀವು ಹೇಳಬೇಕಾದ್ದು ಇಷ್ಟೇ," ಎಂದ ಅವನು. "ಪ್ರತಿ ವರ್ಷ ಮುಚ್ಚಿದೆ, ಜಮೀನಿನ ಮಾಲೀಕರ ಪರವಾಗಿ ಮುಚ್ಚಿದೆ. ಕರ್ನಲ್ ಇದ್ದಾಗ ಕರ್ನಲ್ ಪರವಾಗಿ, ಆಮೇಲೆ ಬಂದವರ ಪರವಾಗಿ, ಈಗ ನಮ್ಮ ಪರವಾಗಿ. ನೀವು ಈ ಎಸ್ಟೇಟಿನ ಕಾವಲುಗಾರ್ತಿ ಅಂತ ನಾವು ಬರೆದುಕೊಡ್ತೀವಿ. ಕಾವಲುಗಾರ್ತಿಗೆ ಮನೆ ಬೇಕಲ್ಲ? ಇರೋವರೆಗೆ ಈ ಮನೆ ನಿಮ್ಮದು. ಯಾರೂ ಎಬ್ಬಿಸಲ್ಲ."

"ಎಬ್ಬಿಸಬಹುದಿತ್ತಾ?" ಎಂದು ಕೇಳಿದಳು ಹೆಸ್ಟರ್.

ಅವನು ಮೆಲ್ಲಗೆ ನಕ್ಕ. "ಈಗ ನಿಮ್ಮ ಹತ್ತಿರ ಯಾವ ಪತ್ರವೂ ಇಲ್ಲವಲ್ಲ."

ಅವನು ಹೋದ ಮೇಲೆ ಅವಳು ಅವನು ಕೂತಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟಳು. ಆಮೇಲೆ, "ಎಸ್ಟೇಟಿನ ಕಾವಲುಗಾರ್ತಿ" ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡಳು. ಆ ದಿನ ಅವಳ ಮುಖದಲ್ಲಿ ಕಂಡ ಬೆಳಕನ್ನು ನಾನು ಹಿಂದೆ ನೋಡಿರಲಿಲ್ಲ. ನಮ್ಮ ಹಾದಿ ಹೋಯಿತೆಂದು ಅಲ್ಲೇ ತಿಳಿದುಕೊಂಡೆ. ಅವಳನ್ನು ತಪ್ಪು ಎನ್ನಲು ನನ್ನ ಕೈಯಲ್ಲಿ ಆಗಲಿಲ್ಲ. ಊರು ಕೊಟ್ಟದ್ದು ಬೈಗುಳ, ಅವನು ಕೊಟ್ಟದ್ದು ಹೆಸರು.

ವಿಚಾರಣೆ ಊರಿನ ಸಭಾಭವನದಲ್ಲಿ ನಡೆಯಿತು. ಸರ್ಕಾರದ ಅಧಿಕಾರಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತ, ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಕಾಗದದ ಕೆಳಗೆ ಅಡಗಿಸಿಟ್ಟುಕೊಂಡು, ಎಲ್ಲರ ಮಾತನ್ನೂ ಒಂದೇ ಬೇಸರದಿಂದ ಕೇಳುತ್ತಿದ್ದ. ಊರಿನವರು ಒಬ್ಬೊಬ್ಬರಾಗಿ ಎದ್ದು, ಹಾದಿಯಲ್ಲಿ ಯಾವಾಗಲೂ ಓಡಾಡಿದ್ದೇವೆ ಎಂದರು. ಮುಚ್ಚಿದ ಮಂಗಳವಾರದ ಬಗ್ಗೆ ಕೇಳಿದರೆ ಜ್ಞಾಪಕವಿಲ್ಲ ಎಂದರು. ಇಡೀ ಊರಿಗೆ ಒಟ್ಟಿಗೆ ಮರೆವು ಬಂದಿತ್ತು. ಅಧಿಕಾರಿ ನಂಬಲಿಲ್ಲವೆಂದು ಅವನ ಹುಬ್ಬೇ ಹೇಳುತ್ತಿತ್ತು.

ಆಮೇಲೆ ಹೆಸ್ಟರಳನ್ನು ಕರೆದರು. ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದಳು, ಬೈಬಲ್ ಮೇಲೆ ಕೈಯಿಟ್ಟಳು. ಫೆನ್ನರ್ ಕೇಳಿದ, ವರ್ಷವರ್ಷವೂ ಮುಚ್ಚುತ್ತಿದ್ದಿರಾ?

"ಮುಚ್ತಿದ್ದೆ. ಒಂದು ವರ್ಷಾನೂ ಬಿಟ್ಟಿಲ್ಲ."

ಸಭೆಯಲ್ಲಿ ನಿಟ್ಟುಸಿರು. ಲೆನ್ ತಲೆ ಕೆಳಗೆ ಹಾಕಿದ.

"ಮಾಲೀಕರ ಪರವಾಗಿ, ಅಲ್ವೇ?" ಎಂದ ಫೆನ್ನರ್.

"ಹೂಂ ಮತ್ತೆ. ಗೇಟು ಮುಚ್ಚೋದು ಮಾಲೀಕರ ಪರವಾಗೇ."

ಫೆನ್ನರ್ ಕೂರಲು ಹೊರಟಿದ್ದ. ಅಷ್ಟರಲ್ಲಿ ಅಧಿಕಾರಿ ಮೂಗು ಒರೆಸಿಕೊಂಡು, ನಮೂದಿಸಲಿಕ್ಕೆಂದು ಕೇಳುವ ಹಾಗೆ ಕೇಳಿದ. "ಯಾರು ಹೇಳಿದ್ರು ನಿಮಗೆ? ಒಬ್ಬೊಬ್ಬರ ಹೆಸರು ಹೇಳಿ."

"ಕರ್ನಲ್ ಏವರೆಲ್."

"ಅವರು ಮಾರಿದ ಮೇಲೆ?"

ಹೆಸ್ಟರ್ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲಿದೆ, ಈಗ ಬಂದೀತು ಎಂಬಂತೆ ಕಾದಳು. "ಮರದ ವ್ಯಾಪಾರಿ," ಎಂದಳು. "ಅವರು ಏನೂ ಅನ್ನಲಿಲ್ಲ. ಒಂದ್ಸಲ ಲಾರಿಯಿಂದ ಕೈ ಬೀಸಿದ್ರು."

"ಆಮೇಲೆ?"

"ರೈತರು." ಮತ್ತೆ ಕಾದಳು. "ಅವರೂ ಹೇಳಿದ ಹಾಗೆ ನೆನಪಿಲ್ಲ."

"ಈಗಿನ ಕಂಪನಿ? ಹೋದ ಫೆಬ್ರವರಿಯಲ್ಲಿ ಅವರು ನಿಮಗೆ ಹೇಳಿ ಕಳಿಸಿದ್ರಾ?"

"ಇಲ್ಲ."

ಫೆನ್ನರ್ ಥಟ್ಟನೆ ಎದ್ದ. ಅವನಿಗೆ ಅರ್ಥವಾಗಿತ್ತು. ಜಮೀನಿಗೆ ಸಂಬಂಧವೇ ಇಲ್ಲದವರು ಮುಚ್ಚಿದರೆ ಅದು ಮುಚ್ಚಿದ ಹಾಗಲ್ಲ. ದಾರಿಹೋಕ ಮುಚ್ಚಿದರೂ ಒಂದೇ, ಗಾಳಿಗೆ ಮುಚ್ಚಿಕೊಂಡರೂ ಒಂದೇ. "ಮಿಸ್ ಪಾಂಟಿಂಗ್," ಎಂದ, ಇನ್ನೂ ಮೆತ್ತಗೆ. "ನೀವು ಮುಚ್ಚೋದನ್ನ ಮಾಲೀಕರು ನೋಡ್ತಿದ್ರು. ನೋಡಿ ಸುಮ್ಮನಿದ್ರು. ಅಂದ್ರೆ ಅವರ ಒಪ್ಪಿಗೆ ಇತ್ತು. ಹೌದು ತಾನೇ? ಸ್ವಲ್ಪ ಯೋಚಿಸಿ ಹೇಳಿ."

ಹೌದು ಎಂಬ ಒಂದು ಮಾತು ಸಾಕಾಗಿತ್ತು. ಮನೆ ಉಳಿಯುತ್ತಿತ್ತು, ಎಸ್ಟೇಟಿನ ಕಾವಲುಗಾರ್ತಿ ಎಂಬ ಹೆಸರು ಉಳಿಯುತ್ತಿತ್ತು, ರೆಜ್ ಟಕ್‌ವೆಲ್ಲನನ್ನು ಕಳಿಸಿದ್ದಕ್ಕೂ ಒಂದು ಅರ್ಥ ಉಳಿಯುತ್ತಿತ್ತು. ಅವಳು ಫೆನ್ನರನ ಮುಖವನ್ನು ನೋಡುತ್ತಲೇ ಇದ್ದಳು. ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿತ್ತು.

"ಅವರು ನೋಡಿಲ್ಲಪ್ಪ," ಎಂದಳು ಕೊನೆಗೆ. "ಅವರೆಲ್ಲ ಹಿಂದುಗಡೆ ಹೊಲದ ಹಾದೀಲಿ ಬಂದು ಹೋಗೋರು. ನನ್ನ ಗೇಟು ದಾಟಿ ಯಾರು ಹೋದ್ರು ಅಂತ ನಂಗೆ ಗೊತ್ತಿಲ್ವಾ? ಮನೆ ಕೆಡವಿ ಲಾರಿ ನಿಂತ ಮೇಲೆ ಯಾವ ಮಾಲೀಕನೂ ಆ ಗೇಟಲ್ಲಿ ಬಂದಿಲ್ಲ. ನಾನಿನ್ನೂ ಅಲ್ಲೇ ಇದೀನಿ ಅಂತಾನೇ ಅವರಿಗೆ ಗೊತ್ತಿರ್ಲಿಲ್ಲ ಅಂತ ಕಾಣತ್ತೆ."

"ಹಾಗಾದ್ರೆ ಯಾರಿಗಾಗಿ ಮುಚ್ತಿದ್ರಿ?" ಎಂದ ಅಧಿಕಾರಿ. ಅವನ ಸ್ವರದಲ್ಲಿ ಆಗ ಬೇಸರವಿರಲಿಲ್ಲ.

"ಯಾರಿಗೂ ಅಲ್ಲ ಸ್ವಾಮಿ. ಯಾರೂ ಹೇಳ್ಲಿಲ್ಲ, ಯಾರಿಗೂ ಬೇಕಾಗಿರ್ಲಿಲ್ಲ. ನಾನೇ ಮುಚ್ತಿದ್ದೆ."

ಅವನು ಬರೆದುಕೊಂಡ. ಪೆನ್ನಿನ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ನಾನು ಹೋಗಿ ಹೆಸ್ಟರಳನ್ನು ಕೈ ಹಿಡಿದು ಎಬ್ಬಿಸಿದೆ. ಅವಳ ಕೈ ಹಿಟ್ಟಿನ ಚೀಲದಂತೆ ಭಾರವಾಗಿತ್ತು.

ತೀರ್ಪು ಬರುವ ಹೊತ್ತಿಗೆ ಎಲೆ ಉದುರುವ ಕಾಲ ಬಂದಿತ್ತು. ಹಾದಿ ಊರಿಗೆ ಸೇರಿತು. ಇನ್ನು ಅದನ್ನು ಯಾರೂ ಯಾವ ದಿನವೂ ಮುಚ್ಚುವಂತಿಲ್ಲ. ಅದಾದ ವಾರದಲ್ಲೇ ಗೇಟಿನ ಮನೆ ಖಾಲಿ ಮಾಡಬೇಕೆಂದು ಹೆಸ್ಟರಳಿಗೆ ಕಂಪನಿಯ ನೋಟಿಸು ಬಂತು. ಅದನ್ನು ಕೊಂಡೊಯ್ದು ಕೊಟ್ಟವಳೂ ನಾನೇ, ನನ್ನ ಕೆಲಸ ಅದು. ಓದಿ, ಮಡಿಸಿ, "ಪರವಾಗಿಲ್ಲ, ಬರವಣಿಗೆ ಚೆನ್ನಾಗಿದೆ" ಎಂದಳು. ಕೆಳಗಿನ ಟೆಲ್ಬರಿಯಲ್ಲಿ ವಯಸ್ಸಾದವರಿಗೆಂದು ಕಟ್ಟಿದ ಒಂದು ಕೋಣೆಯ ಮನೆ ಅವಳಿಗೆ ಸಿಕ್ಕಿತು. ಗೋಡೆಗಳು ನೆಟ್ಟಗಿವೆ, ಮಂಚ ಸರಿಯಾಗಿ ಹಿಡಿಸುತ್ತದೆ. ಅದು ಅವಳಿಗೆ ಹಿಡಿಸಲಿಲ್ಲ.

ಗೆದ್ದ ಸಂತೋಷಕ್ಕೆ ಲೆನ್ ಪಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕುಡಿಸಿದ. ಅವನು ಪುಕ್ಕಟೆ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೆಸ್ಟರಳನ್ನು ಒಲೆಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ತಾನು ಬೆಂಚಿನ ಮೇಲೆ ಹತ್ತಿ ನಿಂತು, ಕೂಗಿದ.

"ನಾನು ಮೂಢ ಕಣ್ರಪ್ಪ! ಮುಚ್ಲೇ ಇಲ್ಲ ಅಂತ ಸುಳ್ಳು ಹೇಳು ಅಂತ ಬೇಡ್ಕೊಂಡೆ. ಅದು ಯಾವನೂ ನಂಬದ ಸುಳ್ಳು. ಇವಳು ನೋಡಿ, ಮುಚ್ಚಿದೆ ಆದ್ರೆ ಯಾರೂ ಹೇಳ್ಲಿಲ್ಲ ಅಂದ್ಲು! ವಕೀಲನ್ನೇ ಮುಗಿಸಿಬಿಟ್ಲು! ಎಂಥಾ ಸುಳ್ಳು! ಇಂಥಾ ಅಮೋಘ ಸುಳ್ಳನ್ನ ಟೆಲ್ಬರೀಲಿ ಯಾರೂ ಹೇಳಿರ್ಲಿಲ್ಲ!"

ಜನ ನೆಲ ತುಳಿದು ಕೂಗಿದರು. ಅವಳಿಗೆ ಮುಖ ತಿರುಗಿಸಿದ್ದ ತಾಯಂದಿರು ಬಂದು ಕೆನ್ನೆಗೆ ಮುತ್ತಿಟ್ಟರು. ಅಷ್ಟು ವರ್ಷ ಯಾರೂ ಹೇಳದೆ ಒಬ್ಬಳು ಗೇಟು ಮುಚ್ಚಿದಳೆಂದು ನಂಬುವವರು ಅಲ್ಲಿ ಯಾರೂ ಇರಲಿಲ್ಲ. ಯಾರಾದರೂ ಹೇಳಿಯೇ ಇರುತ್ತಾರೆ, ವರ್ಷಕ್ಕೊಂದು ಕಾಗದವಾದರೂ ಬಂದಿರುತ್ತದೆ, ಊರಿಗೋಸ್ಕರ ಅದನ್ನು ಮುಚ್ಚಿಟ್ಟಳು ಎಂದೇ ಎಲ್ಲರೂ ತಿಳಿದಿದ್ದರು. ಆ ಮನೆಗೆ ಯಾವ ಮಾಲೀಕನಿಂದಲೂ ಒಂದು ಸಾಲು ಕೂಡ ಬಂದಿರಲಿಲ್ಲ ಎಂಬುದು ಅಂಚೆಯವಳಾದ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಬಗ್ಗಿ ಅವಳ ಕಿವಿಯಲ್ಲಿ ಕೇಳಿದೆ. "ಹೇಳಿಬಿಡ್ಲಾ ಇವರಿಗೆ? ನೀನು ಹೇಳಿದ್ದು ನಿಜ ಅಂತ?"

"ಸುಮ್ನಿರೇ," ಎಂದಳು. "ಸುಳ್ಳು ಅಂದ್ಕೊಂಡ್ರೆ ನಾನು ಊರಿಗೋಸ್ಕರ ಮನೆ ಕಳ್ಕೊಂಡವಳು. ನಿಜ ಅಂತ ಗೊತ್ತಾದ್ರೆ ಬರೀ ಹುಚ್ಚಿ."

ಅಷ್ಟರಲ್ಲಿ ಪಕ್ಕದ ಊರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಕೂಸನ್ನು ಸೊಂಟಕ್ಕಿಟ್ಟುಕೊಂಡು ಅವಳ ಎದುರು ಬಂದು ನಿಂತಳು. ಕಣ್ಣರಳಿಸಿ ಕೇಳಿದಳು. "ನಿಜವಾಗ್ಲೂನಾ ಅಜ್ಜಿ? ಬೈಬಲ್ ಮುಟ್ಟಿ ಸುಳ್ಳು ಹೇಳಿದ್ರಾ?"

ಹೆಸ್ಟರ್ ಬಿಯರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಹುಡುಗಿಯ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು.

"ಹೂಂ ಮಗಳೇ, ಹೇಳ್ದೆ," ಎಂದಳು.

ಅವಳ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.